ಅರಿಶಿನದ ಎಣ್ಣೆ, ದಾಳಿಂಬೆ ಸಿಪ್ಪೆ ಮತ್ತು ರಾತ್ರಿಯ ಅನ್ನ

ಜಾತ್ರೆ ಅಥವಾ ಮದುವೆ ಊಟದ ಮರುದಿನ ನಮ್ಮ ಬೊಮ್ಮನಹಾಳ್ ಸುತ್ತಿನ ಹಳ್ಳಿಗಳಲ್ಲಿ ಯಾರಿಗಾದರೂ ವಾಂತಿ ಭೇದಿ ಶುರುವಾದರೆ ಎರಡು ಸಲಹೆ ತಪ್ಪದೆ ಬರುತ್ತವೆ. ಅಂಗಡಿಯಿಂದ ಎರಡು ಆಂಟಿಬಯಾಟಿಕ್ ಗುಳಿಗೆ ತಂದು ನುಂಗಿ ಅನ್ನುತ್ತಾರೆ ಒಬ್ಬರು. ಇಂಗ್ಲಿಷ್ ಔಷಧಿ ಯಾಕಪ್ಪಾ, ಓಂಕಾಳಿನ ಕಷಾಯ ಸಾಕು ಅನ್ನುತ್ತಾರೆ ಇನ್ನೊಬ್ಬರು. ತೆಲುಗು ಮಾತಾಡುವ ಮನೆಯಲ್ಲಾದರೆ ಓಂಕಾಳು ಹೋಗಿ ವಾಮು ಆಗುತ್ತದೆ, ಮಾತು ಅದೇ. ನಾನು ವೈದ್ಯನಲ್ಲ, ಬ್ಯಾಂಕಿನ ಗುಮಾಸ್ತನಾಗಿ ನಿವೃತ್ತನಾದವನು. ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ಗಿಡಮೂಲಿಕೆಗೆ ರೋಗಾಣು ಕೊಲ್ಲುವ ಶಕ್ತಿ ಇದೆ ಎನ್ನುವುದು ಬರೀ ಅಜ್ಜಿ ಮಾತಲ್ಲ. ಓಂಕಾಳಿನಲ್ಲಿ ಥೈಮಾಲ್, ಲವಂಗದಲ್ಲಿ ಯೂಜಿನಾಲ್ ಎಂಬ ಸತ್ವಗಳಿವೆ. ಇವು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಕೆಡಿಸುತ್ತವೆ, ಒಳಗಿನ ದ್ರವ ಸೋರಿ ಅದು ಸಾಯುತ್ತದೆ. ಬೆಳ್ಳುಳ್ಳಿಯ ಅಲಿಸಿನ್ ಎಂಬ ವಸ್ತುವನ್ನು 1944ರಲ್ಲಿ ಅಮೆರಿಕದಲ್ಲಿ ಗುರುತಿಸಿದರು. ಇಡೀ ಎಸಳಿನಲ್ಲಿ ಅದು ಇರುವುದಿಲ್ಲ, ಜಜ್ಜಿದಾಗ ಮಾತ್ರ ಹುಟ್ಟುತ್ತದೆ. ಇಡೀ ಎಸಳನ್ನು ಒಗ್ಗರಣೆಯಲ್ಲಿ ಹುರಿದರೆ ರುಚಿ ಬಂದೀತು, ಆ ಗುಣ ಬಾರದು.

ದೂರದ ದೇಶದ ಮಾತು ಬಿಡಿ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಇದೆಯಲ್ಲ, ಅಲ್ಲಿನ ವಿಜ್ಞಾನಿಗಳು ಅರಿಶಿನದಿಂದ ಕರ್ಕ್ಯುಮಿನ್ ತೆಗೆದ ಮೇಲೆ ಉಳಿಯುವ ಎಣ್ಣೆಯನ್ನು ಪರೀಕ್ಷಿಸಿ, ಅದು ಹಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆಂದು 1999ರಲ್ಲಿ ಪ್ರಕಟಿಸಿದರು. 2003ರಲ್ಲಿ ದಾಳಿಂಬೆ ಸಿಪ್ಪೆಯ ಸಾರದ ಬಗ್ಗೆ ಅಂಥದೇ ವರದಿ ಬಂತು. ಅನಂತಪುರ ಜಿಲ್ಲೆಯಲ್ಲಿ ದಾಳಿಂಬೆ ತೋಟಗಳಿಗೆ ಕಡಿಮೆ ಇಲ್ಲ, ಸಿಪ್ಪೆ ಮಾತ್ರ ತಿಪ್ಪೆಗೆ ಹೋಗುತ್ತದೆ.

ಹಾಗಾದರೆ ಸಿಪ್ಪೆ ಕುದಿಸಿ ಕುಡಿಯೋಣವೇ? ತಡೆಯಿರಿ. ಚೆಕ್ಕು ಬಂದರೆ ಮೊತ್ತದ ಜೊತೆ ತಾರೀಖು, ಸಹಿ ಎಲ್ಲ ನೋಡಬೇಕಲ್ಲವೇ, ಇದೂ ಹಾಗೆ. ಪ್ರಯೋಗಾಲಯದ ಸಾರವನ್ನು ಹೆಚ್ಚಾಗಿ ತೆಗೆಯುವುದು ಅಸಿಟೋನ್, ಮೆಥನಾಲ್‌ನಂಥ ದ್ರಾವಕಗಳಿಂದ, ನಮ್ಮ ಚೊಂಬಿನ ನೀರಿನಿಂದಲ್ಲ. ಪರೀಕ್ಷೆ ಮಾಡುವುದು ರೋಗಾಣು ಬೆಳೆಸಿದ ಗಾಜಿನ ತಟ್ಟೆಯಲ್ಲಿ. ಮಾಂಸ, ಹಾಲು, ಸಾರು ಬಂದಾಗ ಅಲ್ಲಿನ ಕೊಬ್ಬು ಮತ್ತು ಪ್ರೋಟೀನು ಆ ಸತ್ವವನ್ನು ಹಿಡಿದುಕೊಳ್ಳುತ್ತವೆ. ಆಗ ಹೆಚ್ಚು ಹಾಕಬೇಕು, ಹೆಚ್ಚು ಹಾಕಿದರೆ ಘಾಟಿಗೆ ಬಾಯಿಗಿಡಲಾಗದು. ಹೊಟ್ಟೆಯೊಳಗೆ ಹೋದ ಮೇಲಂತೂ ಗಾಜಿನ ತಟ್ಟೆಯ ಲೆಕ್ಕ ನಡೆಯುವುದಿಲ್ಲ.

ಇದರ ನಿಜವಾದ ಜಾಗ ಕಾಯಿಲೆ ಬರುವ ಮುಂಚೆಯೇ ಇದೆ: ಆಹಾರ ಕೆಡದಂತೆ ಇಡುವುದರಲ್ಲಿ, ಕೋಳಿ ಮೇವಿನಲ್ಲಿ. ಕೋಳಿ ಬೇಗ ಬೆಳೆಯಲೆಂದು ಮೇವಿಗೆ ಆಂಟಿಬಯಾಟಿಕ್ ಬೆರೆಸುವ ರೂಢಿಯಿಂದ ಔಷಧಕ್ಕೆ ಬಗ್ಗದ ರೋಗಾಣುಗಳು ಹುಟ್ಟಿಕೊಂಡವು. ಮನುಷ್ಯರಿಗೆ ಕೊನೆಯ ಆಸರೆಯಾದ ಕೋಲಿಸ್ಟಿನ್ ಔಷಧವನ್ನು ಕೋಳಿ, ಮೀನು, ದನಕರು ಸಾಕಣೆಯಲ್ಲಿ ಬಳಸಬಾರದೆಂದು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಆಜ್ಞೆ ಮಾಡಿತು. ಆ ಗುಳಿಗೆ, ಪುಡಿಗಳ ಬದಲು ಥೈಮಾಲ್‌ನಂಥ ಸತ್ವಗಳನ್ನು ಮೇವಿಗೆ ಬೆರೆಸುವುದು ಬಂದಿದೆ. ಎಲ್ಲ ಫಾರಮ್ಮಿನಲ್ಲೂ ಒಂದೇ ಫಲ ಸಿಗುವುದಿಲ್ಲ, ಆದರೂ ದಾರಿ ಒಳ್ಳೆಯದೇ.

ಇನ್ನು ನಮ್ಮ ಚಿತ್ರಾನ್ನ. ರಾತ್ರಿ ಮಿಕ್ಕ ಅನ್ನಕ್ಕೆ ಬೆಳಿಗ್ಗೆ ಅರಿಶಿನ ಹಾಕಿ ಕಲಸುತ್ತೇವೆ, ಅರಿಶಿನ ಇದೆಯಲ್ಲ ಎಂದು ಧೈರ್ಯ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು, ಕುದಿಸಿದರೂ ಅದು ಸಾಯುವುದಿಲ್ಲ. ಬೆಚ್ಚಗಿನ ಅನ್ನ ರಾತ್ರಿಯೆಲ್ಲ ಪಾತ್ರೆಯಲ್ಲಿ ಕೂತರೆ ಅದು ಮೊಳೆತು ವಾಂತಿ ಬರಿಸುವ ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು, ಅರಿಶಿನಕ್ಕೂ ಬಗ್ಗದು, ಆಂಟಿಬಯಾಟಿಕ್ಕಿಗೂ ಬಗ್ಗದು. ಅನ್ನ ಮಿಕ್ಕರೆ ಅಗಲವಾದ ತಟ್ಟೆಯಲ್ಲಿ ಹರವಿ ಬೇಗ ಆರಿಸಿ ಫ್ರಿಜ್ಜಿನಲ್ಲಿಡಿ. ಫ್ರಿಜ್ಜಿಲ್ಲದ ಮನೆಯಲ್ಲಿ ತಲೆ ಎಣಿಸಿ ಅಕ್ಕಿ ಹಾಕಿ ತಾಯಂದಿರೇ.

ವಾಂತಿ ಭೇದಿ ಆಗಿಯೇ ಬಿಟ್ಟರೆ ಬಹುತೇಕ ಸಲ ಬೇಕಾದದ್ದು ಗುಳಿಗೆಯಲ್ಲ, ನೀರು. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸುತ್ತಿರಿ. ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಏರಿದರೆ, ಮಗುವಿನ ಕಣ್ಣು ಗುಳಿಬಿದ್ದು ಮೂತ್ರ ನಿಂತರೆ ಕಷಾಯ ಕುದಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಡಾಕ್ಟರು ಆಂಟಿಬಯಾಟಿಕ್ ಬರೆದುಕೊಟ್ಟರೆ, ಹೇಳಿದಷ್ಟು ದಿನ ಬಿಡದೆ ತೆಗೆದುಕೊಳ್ಳಿ.