ಅಜ್ಜಿಯ ಉಪವಾಸ, ಅಮೆರಿಕದ ವಿಮಾನ



ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಷ್ಟು ದೂರ? ಎಷ್ಟು ಹೊತ್ತಿನ ಪ್ರಯಾಣ? ಈ ಲೆಕ್ಕ ಗೊತ್ತಿಲ್ಲದೆ ನಮ್ಮಜ್ಜಿ ಎರಡು ಹೊತ್ತಿನ ಊಟ ಸುಮ್ಮನೆ ಬಿಟ್ಟಳು. ಅದಕ್ಕೇ ಬರೀತಿದೀನಿ.

2021ರ ಜನವರಿಯಲ್ಲಿ ಏರ್ ಇಂಡಿಯಾದವರು ಈ ಎರಡು ಊರುಗಳ ನಡುವೆ ಎಲ್ಲೂ ಇಳಿಯದೆ ಹಾರುವ ವಿಮಾನ ಶುರು ಮಾಡಿದರು. ಮೊದಲ ಸಲ ಅದನ್ನು ನಡೆಸಿಕೊಂಡು ಬಂದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಪೈಲಟ್‌ಗಳು. ಎಲ್ಲರೂ ಹೆಂಗಸರೇ! ಅದರಲ್ಲೇ ನಮ್ಮ ಚಿಕ್ಕಪ್ಪನೂ ಬಂದರು. ಶನಿವಾರ ರಾತ್ರಿ 8:30ಕ್ಕೆ ಹೊರಡೋದು, ಸೋಮವಾರ ಬೆಳಗಿನ ಜಾವ 3:45ಕ್ಕೆ ಇಳಿಯೋದು ಅಂತ ಫೋನಿನಲ್ಲಿ ಹೇಳಿದ್ದರು. ಶನಿವಾರ ನಮ್ಮ ಗಡಿಯಾರದಲ್ಲಿ ಎಂಟೂವರೆ ಆದದ್ದೇ ತಡ, ಅಜ್ಜಿ, "ಮಗ ಆಕಾಶದಾಗವ್ನೆ, ಇಳಿಯೋಗಂಟ ನಂಗೆ ಊಟ ಬ್ಯಾಡ" ಅಂತ ದೇವರ ಮುಂದೆ ಕೂತಳು. ನಾನಾಗ ಐದನೇ ಕ್ಲಾಸು, ನನಗೂ ತಿಳಿಯಲಿಲ್ಲ.

ಈಗ ಲೆಕ್ಕ ನೋಡಿ. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಗ್ರೀನಿಚ್‌ಗಿಂತ ನಾವು ಐದೂವರೆ ಗಂಟೆ ಮುಂದೆ. ಅವರು ಚಳಿಗಾಲದಲ್ಲಿ ಎಂಟು ಗಂಟೆ ಹಿಂದೆ. ಕೂಡಿದರೆ ಹದಿಮೂರೂವರೆ ಗಂಟೆ. (ಬೇಸಿಗೆಯಲ್ಲಿ ಅವರು ಗಡಿಯಾರವನ್ನೇ ಒಂದು ಗಂಟೆ ಮುಂದೆ ತಿರುಗಿಸ್ತಾರೆ, ಆಗ ಹನ್ನೆರಡೂವರೆ.) ಅಂದರೆ ವಿಮಾನ ಹೊರಟಾಗ ನಮಗೆ ಭಾನುವಾರ ಬೆಳಿಗ್ಗೆ 10 ಗಂಟೆ! ಅಲ್ಲಿಂದ ಮಾರನೇ ದಿನ 3:45ರವರೆಗೆ ಹದಿನೇಳು ಮುಕ್ಕಾಲು ಗಂಟೆ. ಅಜ್ಜಿ ಉಪವಾಸ ಇದ್ದದ್ದು ಮೂವತ್ತೊಂದೂ ಕಾಲು ಗಂಟೆ. ಅವಳು ಶನಿವಾರ ದೇವರ ಮುಂದೆ ಕೂತಾಗ ಅಲ್ಲಿ ಶನಿವಾರ ಬೆಳಿಗ್ಗೆ 7. ಚಿಕ್ಕಪ್ಪ ಇನ್ನೂ ಹಾಸಿಗೆ ಬಿಟ್ಟು ಎದ್ದಿರಲಿಲ್ಲವಂತೆ!

ಇನ್ನು ದೂರ. ಗೋಡೆಯ ಭೂಪಟ ನೋಡಿ ನಾನು ಅರಬಸ್ಥಾನ, ಸಹಾರಾ, ಅಟ್ಲಾಂಟಿಕ್ ಮೇಲೆ ಗೆರೆ ಎಳೆದಿದ್ದೆ. ಮೇಷ್ಟ್ರು ನಕ್ಕು ಗೋಳ ಮತ್ತು ದಾರ ಕೊಟ್ಟರು. ನಮ್ಮ ಶಾಲೆಯ ಗೋಳದ ನಡು ಸುತ್ತಳತೆ 80 ಸೆಂ.ಮೀ. ಭೂಮಿಯದು ಸುಮಾರು 40,000 ಕಿ.ಮೀ. ಆದ್ದರಿಂದ ಒಂದು ಸೆಂಟಿಮೀಟರಿಗೆ 500 ಕಿ.ಮೀ. ನನ್ನ ಗೆರೆಯ ಮೇಲೆ ದಾರ ಇಟ್ಟರೆ ಸುಮಾರು 40 ಸೆಂ.ಮೀ., ಅಂದರೆ 20,000 ಕಿ.ಮೀ. ಎರಡು ಊರುಗಳ ಮೇಲೆ ಬೆರಳಿಟ್ಟು ದಾರವನ್ನು ಬಿಗಿಯಾಗಿ ಎಳೆದೆವು. ದಾರ ತಾನಾಗಿಯೇ ಜಾರಿ ಮೇಲಕ್ಕೆ ಹೋಯಿತು! ಚೀನ, ಸೈಬೀರಿಯ, ಅಲಾಸ್ಕ. ಬರೀ 28 ಸೆಂ.ಮೀ. ಅಂದರೆ 14,000 ಕಿ.ಮೀ. ಉರುಟಾದ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸಿದಾಗ ಉತ್ತರದ ಜಾಗವೆಲ್ಲ ಹಿಗ್ಗಿಬಿಡುತ್ತದೆ. ಅದಕ್ಕೇ ನಾನು ಮೋಸ ಹೋದೆ.

ಆದರೆ ವಿಮಾನ ದಾರದ ಮೇಲೇ ಹೋಗಬೇಕೆಂದಿಲ್ಲ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಬೆಂಗಳೂರಿಂದ ಹೋಗುವಾಗ ಅದನ್ನು ಬೆನ್ನಿಗೆ ಹಾಕಿಕೊಂಡು ಪೆಸಿಫಿಕ್ ಮೇಲೆ ಹೋದರೆ ದೂರ ಹೆಚ್ಚಾದರೂ ಬೇಗ ಮುಟ್ಟಬಹುದು. ಬರುವಾಗ ಅದೇ ಗಾಳಿ ಎದುರು. ಅದನ್ನು ತಪ್ಪಿಸಲು ಇನ್ನೂ ಉತ್ತರಕ್ಕೆ ಸರಿಯುತ್ತಾರೆ. ಚಿಕ್ಕಪ್ಪ ಬಂದ ವಿಮಾನ ಉತ್ತರ ಧ್ರುವದ ಮೇಲೇ ಹಾರಿ ಬಂತು.

ಇನ್ನೊಂದು ತಮಾಷೆ. ಚಳಿಗಾಲದಲ್ಲಿ ಬೆಂಗಳೂರಿಂದ ಮಧ್ಯಾಹ್ನ 2:30ಕ್ಕೆ ಹೊರಟು 16 ಗಂಟೆ ಹಾರಿ ಅಲ್ಲಿ ಇಳಿದರೆ ಗಂಟೆ ಎಷ್ಟು ಗೊತ್ತೇ? ಅದೇ ದಿನ ಸಂಜೆ 5! ಚಿಕ್ಕಪ್ಪ ವಾಪಸ್ಸು ಹೋಗುವಾಗ ಇದನ್ನು ಅಜ್ಜಿಗೆ ಹೇಳಿದೆ. "ಎರಡೂವರೆ ಗಂಟೆನೇ ತಾನೆ, ಉಪ್ವಾಸ ಇರ್ತೀನಿ ಬಿಡು" ಅಂದಳು.