ದಾನದ ಕಣ್ಣನ್ನು ಕಾಯುವ ಗುಲಾಬಿ ದ್ರಾವಣ

2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಕಣ್ಣಿನ ಮುಂಭಾಗದ ಪಾರದರ್ಶಕ ಹೊದಿಕೆಯಾದ ಕಾರ್ನಿಯಾವನ್ನು ಪದರ ಬಿಡಿಸಿ, ಮುಂದಿನ ಭಾಗವನ್ನು ಒಬ್ಬರಿಗೆ, ಹಿಂದಿನದನ್ನು ಇನ್ನೊಬ್ಬರಿಗೆ ಕಸಿ ಮಾಡಿದರು. ದಾನಕ್ಕೂ ಶಸ್ತ್ರಚಿಕಿತ್ಸೆಗೂ ನಡುವೆ ಆ ಅಂಗಾಂಶವನ್ನು ಜೀವಂತವಾಗಿ ಇಟ್ಟುಕೊಳ್ಳುವುದೂ ಅಷ್ಟೇ ದೊಡ್ಡ ಕೆಲಸ.

ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರ ಒಳಮೈಗೆ ಎಂಡೋಥೀಲಿಯಂ ಎಂಬ ಒಂದೇ ಪದರದ ಜೀವಕೋಶಗಳ ಹೊದಿಕೆ. ಒಳಕ್ಕೆ ಜಿನುಗುವ ನೀರನ್ನು ಎಡೆಬಿಡದೆ ಹೊರಹಾಕುವುದು ಈ ಕೋಶಗಳ ಕೆಲಸ. ಅದು ನಿಂತರೆ ಕಾರ್ನಿಯಾ ಊದಿಕೊಂಡು ಮಬ್ಬಾಗುತ್ತದೆ. ನಮ್ಮ ಕಣ್ಣಿನಲ್ಲಿ ಸತ್ತ ಕೋಶದ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ, ಅಕ್ಕಪಕ್ಕದವೇ ಹರಡಿಕೊಂಡು ತೆರವನ್ನು ಮುಚ್ಚುತ್ತವೆ. ಆದ್ದರಿಂದಲೇ ನೇತ್ರಬ್ಯಾಂಕಿನಲ್ಲಿ ಸೂಕ್ಷ್ಮದರ್ಶಕದಡಿ ಇವುಗಳ ಎಣಿಕೆ ನಡೆಯುತ್ತದೆ. ಹಿಂಬದಿಯ ಪದರದ ಕಸಿಗೆ ಸಾಮಾನ್ಯವಾಗಿ ಚದರ ಮಿಲಿಮೀಟರಿಗೆ 2,000ಕ್ಕಿಂತ ಹೆಚ್ಚು ಕೋಶಗಳಿರಬೇಕೆಂದು ವೈದ್ಯರು ಬಯಸುತ್ತಾರೆ.

ಹಿಂದೆ ಇಡೀ ಕಣ್ಣುಗುಡ್ಡೆಯನ್ನೇ ತೇವದ ಡಬ್ಬಿಯಲ್ಲಿ ತಣ್ಣಗಿಟ್ಟು, ಒಂದೆರಡು ದಿನದೊಳಗೆ ಕಸಿ ಮಾಡಿ ಮುಗಿಸಬೇಕಿತ್ತು. 1974ರಲ್ಲಿ ಸಂಶೋಧಕರಾದ ಮೆಕ್ಕೇರಿ ಮತ್ತು ಕೌಫ್ಮನ್ ರೂಪಿಸಿದ ದ್ರಾವಣ ದಾರಿ ಬದಲಿಸಿತು. ಸುತ್ತ ಬಿಳಿಗುಡ್ಡೆಯ ಸಣ್ಣ ಅಂಚು ಉಳಿಸಿ ಕಾರ್ನಿಯಾವನ್ನು ಕತ್ತರಿಸುತ್ತಾರೆ. ಒಳಪದರಕ್ಕೆ ಇಕ್ಕಳ ತಾಗದಂತೆ ಆ ಅಂಚನ್ನಷ್ಟೇ ಹಿಡಿದು ಪುಟ್ಟ ಶೀಷೆಗೆ ಇಳಿಸುತ್ತಾರೆ. ದ್ರಾವಣದಲ್ಲಿ ಕೋಶಗಳಿಗೆ ಬೇಕಾದ ಪೋಷಕಾಂಶ, ಪ್ರತಿಜೀವಕ ಎರಡೂ ಇರುತ್ತವೆ. ಡೆಕ್ಸ್ಟ್ರಾನ್ ಎಂಬ ಸಕ್ಕರೆಯ ದೊಡ್ಡ ಅಣುಗಳು ನೀರನ್ನು ತಮ್ಮತ್ತ ಎಳೆದಿಟ್ಟುಕೊಂಡು ಊತ ತಡೆಯುತ್ತವೆ. ಫ್ರಿಜ್ಜಿನ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿಗೆ ಕೋಶಗಳ ಹಸಿವೂ ತಗ್ಗುತ್ತದೆ. ದ್ರಾವಣದ ಗುಲಾಬಿ ಬಣ್ಣ ಹಳದಿಗೆ ತಿರುಗಿದರೆ ಆಮ್ಲೀಯತೆ ಹೆಚ್ಚಿದೆ, ಸೋಂಕಿರಬಹುದು ಎಂಬ ಎಚ್ಚರಿಕೆ.

ಮೆಕ್ಕೇರಿ-ಕೌಫ್ಮನ್ ದ್ರಾವಣದಲ್ಲಿ ನಾಲ್ಕು ದಿನದ ಕಾಲಾವಕಾಶ ಸಿಗುತ್ತದೆ. ಕಾಂಡ್ರಾಯ್ಟಿನ್ ಸಲ್ಫೇಟ್ ಕೂಡ ಇರುವ ದ್ರಾವಣಗಳಲ್ಲಿ 14 ದಿನ. ಅಂಥದೊಂದನ್ನು ಮಧುರೈನ ಅರೋಲ್ಯಾಬ್ ತಯಾರಿಸುತ್ತದೆ. ಯುರೋಪಿನಲ್ಲಿ ದೇಹದ ಬಿಸಿಯ ಆಸುಪಾಸಿನಲ್ಲೇ ಸುಮಾರು ನಾಲ್ಕು ವಾರ ಇಡುವ ಪದ್ಧತಿಯೂ ಇದೆ. ಆದರೆ ಆಗ ಕಾರ್ನಿಯಾ ಊದಿರುತ್ತದೆ, ಕಸಿಗೆ ಮೊದಲು ಊತ ಇಳಿಸಬೇಕು.

ಈ ದಿನಗಳು ತುಂಬ ಬೆಲೆಯುಳ್ಳವು. ದಾನಿಯ ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಇಲ್ಲವೆಂದು ಖಚಿತಪಡಿಸಿಕೊಳ್ಳಬಹುದು, ದೂರದ ಹಳ್ಳಿಯ ರೋಗಿಗೆ ಫೋನ್ ಮಾಡಿ ಕರೆಸಿಕೊಳ್ಳಬಹುದು.

ಆದರೆ ಸಾವು ಸಂಭವಿಸಿ ಆರು ಗಂಟೆಯೊಳಗೆ ಕಣ್ಣು ಸಂಗ್ರಹವಾಗದಿದ್ದರೆ ಯಾವ ದ್ರಾವಣವೂ ಹೆಚ್ಚೇನೂ ಮಾಡಲಾರದು. ಅಲ್ಲಿಯವರೆಗೆ ಕಣ್ಣನ್ನು ಕಾಯಬೇಕಾದವರು ಮನೆಯವರೇ. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ತಲೆಯಡಿ ದಿಂಬಿಟ್ಟು ತುಸು ಎತ್ತರಿಸಿ, ಕೂಡಲೇ ಹತ್ತಿರದ ನೇತ್ರಬ್ಯಾಂಕಿಗೆ ಕರೆ ಮಾಡಿ. ಕನ್ನಡಕ ಹಾಕುತ್ತಿದ್ದವರು, ಸಕ್ಕರೆ ಕಾಯಿಲೆಯಿದ್ದವರು, ಪೊರೆಯ ಆಪರೇಷನ್ ಮಾಡಿಸಿಕೊಂಡವರೂ ಕಣ್ಣು ಕೊಡಬಹುದು.