ಪ್ರಶ್ನೆ ಕೇಳಲು ಕಲಿಸುವ ಶಿಬಿರ, ಜೊತೆಯಲ್ಲಿ ದೊರೆಯುವ ಗೆಳೆತನ

ಬೇಸಗೆ ರಜೆ ಹತ್ತಿರವಾಗುತ್ತಿದ್ದಂತೆ ಶಾಲೆಯ ಸೂಚನಾ ಫಲಕದಲ್ಲಿ ಶಿಬಿರಗಳ ಪ್ರಕಟಣೆಗಳು ಕಾಣಿಸಿಕೊಳ್ಳುತ್ತವೆ. ನಾಟಕ, ಚಿತ್ರಕಲೆ, ವಿಜ್ಞಾನಗಳ ನಡುವೆ ಒಮ್ಮೊಮ್ಮೆ ಹದಿಹರೆಯದವರ ಪತ್ರಿಕೋದ್ಯಮ ಶಿಬಿರದ ಪ್ರಕಟಣೆಯೂ ಇರುತ್ತದೆ. ಅದನ್ನು ಮಗು ಮನೆಗೆ ತಂದಾಗ ಸಾಮಾನ್ಯವಾಗಿ ಮೂರು ಪ್ರಶ್ನೆಗಳು ಏಳುತ್ತವೆ. ಹೆತ್ತವರ ಮೊದಲ ಪ್ರಶ್ನೆ: ನಮ್ಮ ಮಗು ಪತ್ರಕರ್ತನಾಗಬೇಕೆಂದೇನೂ ಇಲ್ಲ, ಹೀಗಿರುವಾಗ ಇದರಿಂದ ಪ್ರಯೋಜನವೇನು? ಎರಡನೆಯದು ಗಡಿನಾಡಿನ ಮನೆಗಳದೇ ಪ್ರಶ್ನೆ: ಕನ್ನಡದಲ್ಲಿ ಸುದ್ದಿ ಬರೆಯಲು ಕಲಿತರೆ ಕೇರಳದಲ್ಲೋ ಮಹಾರಾಷ್ಟ್ರದಲ್ಲೋ ಅದನ್ನು ಓದುವವರು ಯಾರು? ಮೂರನೆಯದನ್ನು ಮಗು ಕೇಳುತ್ತದೆ: ಅಲ್ಲಿ ನನಗೆ ಪರಿಚಯದವರು ಯಾರೂ ಇಲ್ಲವಲ್ಲ? ಮೂರೂ ನ್ಯಾಯವಾದ ಪ್ರಶ್ನೆಗಳೇ. ಇಂತಹ ಶಿಬಿರಗಳಲ್ಲಿ ನಡೆಯುವ ಕೆಲಸವನ್ನು ಅರಿತರೆ ಮೂರಕ್ಕೂ ಉತ್ತರ ದೊರೆಯುತ್ತದೆ.

ಪ್ರಬಂಧದಿಂದ ಸುದ್ದಿಗೆ

ಶಾಲೆಯಲ್ಲಿ ಮಕ್ಕಳು ಕಲಿಯುವುದು ಪ್ರಬಂಧ ರಚನೆ. ಅದಕ್ಕೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರಗಳೆಂಬ ಮೂರು ಅಂಗಗಳು. ಸುದ್ದಿಯ ರಚನೆ ಇದಕ್ಕೆ ವಿರುದ್ಧವಾದುದು. ಅತಿ ಮುಖ್ಯವಾದ ಸಂಗತಿ ಮೊದಲ ವಾಕ್ಯದಲ್ಲಿಯೇ ಬರಬೇಕು. ಕಡಿಮೆ ಮಹತ್ವದ ವಿವರಗಳು ಕ್ರಮವಾಗಿ ಕೆಳಗಿಳಿಯಬೇಕು. ಇದನ್ನು ತಲೆಕೆಳಗಾದ ಪಿರಮಿಡ್ ಎಂದು ಕರೆಯುತ್ತಾರೆ. ಜಾಗ ಸಾಲದೆ ಸಂಪಾದಕರು ಕೊನೆಯ ಸಾಲುಗಳನ್ನು ಕತ್ತರಿಸಿದರೂ ಸುದ್ದಿ ಕೆಡಬಾರದು ಎಂಬುದು ಇದರ ಹಿಂದಿರುವ ಕಾರಣ.

ಮಳೆಗಾಲದಲ್ಲಿ ಮುರಿದುಬಿದ್ದ ಕಾಲುಸಂಕದ ಬಗೆಗೆ ಬರೆಯಲು ಹೇಳಿದರೆ, ಪ್ರಬಂಧ ರೂಢಿಯಾದ ಮಗು ಸಾರಿಗೆಯು ಮಾನವನ ಜೀವನದಲ್ಲಿ ಮಹತ್ವದ ಪಾತ್ರ ವಹಿಸುತ್ತದೆ ಎಂದು ಆರಂಭಿಸುತ್ತದೆ. ಯಾವ ತೋಡಿನ ಸಂಕ, ಯಾವ ದಿನ ಮುರಿಯಿತು, ಎಷ್ಟು ಮನೆಯವರು ಈಗ ಸುತ್ತುದಾರಿ ಹಿಡಿಯಬೇಕಾಗಿದೆ, ಪಂಚಾಯತಿನವರು ಏನು ಹೇಳುತ್ತಾರೆ ಎಂದು ತರಬೇತುದಾರರು ಕೇಳಿದಾಗ ಮಗುವಿನ ಬಳಿ ಉತ್ತರವಿರುವುದಿಲ್ಲ. ಉತ್ತರ ಬೇಕಾದರೆ ಎದ್ದು ಹೋಗಿ ಕೇಳಬೇಕು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳು ಶಿಬಿರದ ಮೊದಲ ಪಾಠವಾಗಿರುವುದು ಈ ಕಾರಣದಿಂದಲೇ.

ಇದರೊಂದಿಗೆ ಇನ್ನೂ ಕೆಲವು ಶಿಸ್ತುಗಳು ಬರುತ್ತವೆ. ಹೆಸರಿನ ಕಾಗುಣಿತವನ್ನು ಆ ವ್ಯಕ್ತಿಯಿಂದಲೇ ಕೇಳಿ ಬರೆದುಕೊಳ್ಳಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳಬೇಕು. ಯಾರ ಮೇಲಾದರೂ ಆರೋಪವಿದ್ದರೆ ಅವರ ಮಾತನ್ನೂ ಕೇಳಬೇಕು. ಕಂಡದ್ದು ಯಾವುದು, ಕೇಳಿದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರ್ಪಡಿಸಬೇಕು. ಮುಂದೆ ವೈದ್ಯನಾಗಲಿ, ಕೃಷಿಕನಾಗಲಿ, ಗುಮಾಸ್ತನಾಗಲಿ, ಈ ಅಭ್ಯಾಸಗಳು ಯಾರಿಗೂ ವ್ಯರ್ಥವಾಗವು. ಮೊದಲ ಪ್ರಶ್ನೆಗೆ ಉತ್ತರ ಇದು.

ಒಂದು ಸುದ್ದಿಯ ಪರೀಕ್ಷೆ

ಗಡಿನಾಡಿನ ಮಕ್ಕಳಿಗೆ ಈ ಶಿಸ್ತು ಏಕೆ ಹೆಚ್ಚು ಅಗತ್ಯವೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 2021ರ ಜೂನ್ ತಿಂಗಳಿನಲ್ಲಿ, ಕಾಸರಗೋಡಿನ ಮಧೂರು, ಕಾರಡ್ಕ, ಬೇಡಡ್ಕ ಮೊದಲಾದ ಊರುಗಳ ಹೆಸರುಗಳನ್ನು ಮಲಯಾಳಕ್ಕೆ ಬದಲಾಯಿಸಲಾಗುತ್ತಿದೆ ಎಂಬ ಸುದ್ದಿ ಹಬ್ಬಿತು. ಕರ್ನಾಟಕದಲ್ಲಿ ಖಂಡನೆಗಳು ಕೇಳಿಬಂದವು, ಕೇರಳದ ಮುಖ್ಯಮಂತ್ರಿಗೆ ಪತ್ರಗಳು ಹೋದವು. ಅಂತಹ ಪ್ರಸ್ತಾಪವೇ ಇಲ್ಲವೆಂದು ಕೇರಳದ ಕಡೆಯಿಂದ ಸ್ಪಷ್ಟೀಕರಣ ಬಂತು.

ಇದನ್ನು ಶಿಬಿರದ ಪಾಠವಾಗಿಸಿದರೆ ಮಕ್ಕಳ ಮುಂದೆ ಎರಡು ಕೆಲಸಗಳು ನಿಲ್ಲುತ್ತವೆ. ಮೊದಲನೆಯದು, ಸರಕಾರಿ ಆದೇಶವಿದೆಯೇ, ಇದ್ದರೆ ಅದರ ಸಂಖ್ಯೆ ಮತ್ತು ದಿನಾಂಕ ಯಾವುದು ಎಂದು ಕೇಳುವುದು. ಎರಡನೆಯದು, ಆದೇಶವಿರಲಿ ಇಲ್ಲದಿರಲಿ, ತಮ್ಮೂರಿನ ಬಸ್ಸಿನ ಫಲಕದಲ್ಲಿ, ಗ್ರಾಮ ಕಚೇರಿಯಲ್ಲಿ, ರೈಲು ನಿಲ್ದಾಣದಲ್ಲಿ ಊರಿನ ಹೆಸರನ್ನು ಹೇಗೆ ಬರೆಯಲಾಗಿದೆ ಎಂದು ಕಣ್ಣಾರೆ ನೋಡಿ ಗುರುತು ಹಾಕಿಕೊಳ್ಳುವುದು. ಮೊದಲನೆಯದು ಗಾಳಿಸುದ್ದಿಯಿಂದ ಕಾಪಾಡುತ್ತದೆ. ಎರಡನೆಯದು ನಿಜವಾದ ದೂರು ಇದ್ದರೆ ಅದಕ್ಕೆ ಆಧಾರ ಒದಗಿಸುತ್ತದೆ. ಆಧಾರವಿಲ್ಲದ ಕೂಗಿನಿಂದ ಭಾಷಾ ಅಲ್ಪಸಂಖ್ಯಾತರಿಗೇ ಹೆಚ್ಚು ನಷ್ಟ. ಒಮ್ಮೆ ಅದು ಸುಳ್ಳೆಂದಾದರೆ ಮುಂದಿನ ನಿಜವಾದ ದೂರನ್ನೂ ಯಾರೂ ನಂಬುವುದಿಲ್ಲ.

ಒಬ್ಬರಿಂದ ಆಗದ ಕೆಲಸ

ಪರಿಚಯವಿಲ್ಲದ ಮಕ್ಕಳನ್ನು ಒಟ್ಟಿಗೆ ಕೂರಿಸಿ ಗೆಳೆಯರಾಗಿ ಎಂದರೆ ಆಗುವುದಿಲ್ಲ. ಮೊದಲ ಸಂಜೆ ಒಂದೇ ಶಾಲೆಯವರು ಒಂದೆಡೆ ಗುಂಪುಗೂಡುವುದು ಸಹಜ. ಆದರೆ ಸುದ್ದಿಯ ಕೆಲಸ ಅವರನ್ನು ಬಿಡಿಸಿ ಹೊಸದಾಗಿ ಜೋಡಿಸುತ್ತದೆ. ಇಬ್ಬಿಬ್ಬರ ಜೋಡಿ ಮಾಡಿ ಪೇಟೆಗೋ ಮೀನು ಮಾರುಕಟ್ಟೆಗೋ ಕಳುಹಿಸಿದಾಗ ಒಬ್ಬರು ಮಾತನಾಡಿಸಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎನ್ನುವುದು ಇಲ್ಲಿ ಭಾಷಣದ ಮಾತಾಗಿ ಉಳಿಯುವುದಿಲ್ಲ. ಮೀನು ಮಾರುವ ಅಮ್ಮನೊಂದಿಗೆ ತುಳುವಿನಲ್ಲಿಯೋ ಬ್ಯಾರಿ ಭಾಷೆಯಲ್ಲಿಯೋ ಸಲೀಸಾಗಿ ಮಾತನಾಡಬಲ್ಲ ಮಗುವಿಗೆ ಲಿಖಿತ ಕನ್ನಡ ಕಷ್ಟವಿರಬಹುದು. ಮನೆಯಲ್ಲಿ ಹವ್ಯಕ ಕನ್ನಡವಾಡುವ, ಚೆನ್ನಾಗಿ ಬರೆಯಬಲ್ಲ ಮಗುವಿಗೆ ಮಲಯಾಳದಲ್ಲಿ ಪ್ರಶ್ನೆ ಕೇಳಲು ನಾಚಿಕೆಯಿರಬಹುದು. ಇಬ್ಬರೂ ಸೇರಿದರೆ ಮಾತ್ರ ವರದಿ ಪೂರ್ಣವಾಗುತ್ತದೆ. ಹಾಗೆ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದ ಮೇಲೆ ಊಟಕ್ಕೆ ಅಕ್ಕಪಕ್ಕ ಕೂರಿ ಎಂದು ಯಾರೂ ಹೇಳಬೇಕಾಗುವುದಿಲ್ಲ.

ಹೀಗೆ ಮಾತು ಬಲ್ಲವರನ್ನೂ ಬರೆಹ ಬಲ್ಲವರನ್ನೂ ಜೋಡಿಸುವ ಕ್ರಮ ಬೇರೆಡೆಯೂ ಇದೆ. ದೆಹಲಿಯಲ್ಲಿ ಬೀದಿಮಕ್ಕಳೇ 2003ರಲ್ಲಿ ಆರಂಭಿಸಿದ ‘ಬಾಲಕನಾಮಾ’ ಎಂಬ ಹಿಂದಿ ಪತ್ರಿಕೆಯಲ್ಲಿ, ಬರೆಯಲು ಬಾರದ ಮಕ್ಕಳೂ ವರದಿಗಾರರು. ಅವರನ್ನು ‘ಬಾತೂನಿ’ ಅಂದರೆ ಮಾತುಗಾರ ವರದಿಗಾರರು ಎನ್ನುತ್ತಾರೆ. ಅವರು ಹೇಳುತ್ತಾರೆ, ಬರೆಯಬಲ್ಲ ಸಂಗಾತಿಗಳು ಬರೆದುಕೊಳ್ಳುತ್ತಾರೆ. ಸುದ್ದಿ ಇಬ್ಬರದೂ ಆಗುತ್ತದೆ.

ಬೇರೆ ಬೇರೆ ಗಡಿಗಳ ಮಕ್ಕಳು ಒಂದೇ ಶಿಬಿರದಲ್ಲಿ ಸೇರಿದರೆ ಇನ್ನೊಂದು ಲಾಭವಿದೆ. ಜತ್ತದ ಮಗು ಶಾಲೆಯನ್ನು ‘ಸಾಲಿ’ ಎಂದಾಗ ಕಾಸರಗೋಡಿನ ಮಗುವಿಗೆ ಮೊದಲು ನಗು ಬರಬಹುದು. ‘ಮಾಷ್ಟ್ರು’ ಎಂಬ ಮಾತಿಗೆ ಜತ್ತದ ಮಗುವೂ ನಗಬಹುದು. ಒಬ್ಬರ ಊರಿಗೆ ನೀರಿಲ್ಲದಿರುವುದೇ ಸುದ್ದಿ, ಇನ್ನೊಬ್ಬರ ಊರಿಗೆ ಮಳೆಗಾಲದ ನೀರು ಗುಡ್ಡ ಕುಸಿಯುವಂತೆ ಮಾಡುವುದು ಸುದ್ದಿ. ಆದರೆ ಇಬ್ಬರೂ ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಕಚೇರಿಯಲ್ಲಿ ಮತ್ತೊಂದು ಭಾಷೆಯ ನಡುವೆ ಬೆಳೆದವರು. ತನ್ನಂತೆಯೇ ಇನ್ನೊಬ್ಬರಿದ್ದಾರೆ ಎಂಬ ಅರಿವು, ಕನ್ನಡ ಮಾಧ್ಯಮದಲ್ಲಿ ಓದುವುದನ್ನು ಮರೆಮಾಚಲು ಕಲಿತ ಮಗುವಿಗೆ ಸಣ್ಣ ಬಲವಲ್ಲ.

ಕನ್ನಡದಲ್ಲಿ ಬರೆದರೆ ಓದುವವರು ಯಾರು?

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ 1843ರ ಜುಲೈ 1ರಂದು ಹೊರಬಂದಾಗ ಮಂಗಳೂರು, ಕಾಸರಗೋಡುಗಳೆರಡೂ ಮದರಾಸು ಪ್ರಾಂತದ ಕೆನರಾ ಜಿಲ್ಲೆಯಲ್ಲಿದ್ದವು. 1956ರಲ್ಲಿ ಗಡಿ ಬದಲಾಯಿತು. ಆದರೆ ಗಡಿಯೀಚೆಗಿನ ಬರೆಹದ ಶಕ್ತಿ ಕುಂದಲಿಲ್ಲ ಎಂಬುದಕ್ಕೆ ಸಾಕ್ಷ್ಯ ನಮ್ಮ ಜಿಲ್ಲೆಯಲ್ಲಿಯೇ ಇದೆ.

ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲ. ಪಡ್ರೆ ಗ್ರಾಮದ ಪತ್ರಕರ್ತ ಶ್ರೀಪಡ್ರೆ ಅವರು ಬಹಳ ಹಿಂದೆಯೇ ಊನವಾಗಿ ಹುಟ್ಟುತ್ತಿದ್ದ ಕರುಗಳ ಬಗೆಗೆ ಬರೆದರು. ಮುಂದೆ ಆ ಊರಿನ ವೈದ್ಯ ವೈ. ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡುದನ್ನು ದಾಖಲಿಸಿದರು. ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿಯಮ್ಮ ನ್ಯಾಯಾಲಯದ ಮೆಟ್ಟಲೇರಿದರು. 2000ದಲ್ಲಿ ಸಿಂಪಡಣೆ ನಿಂತಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಎಂಡೋಸಲ್ಫಾನಿಗೆ ತಡೆ ವಿಧಿಸಿತು. ಊರಿನವನೊಬ್ಬ ತನ್ನ ಊರನ್ನು ಗಮನಿಸಿ ನೋಡಿದ್ದರಿಂದ ಆರಂಭವಾದ ಕಥೆ ಇದು. ಅದೇ ಶ್ರೀಪಡ್ರೆ ಅವರು 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ಯ ಮೂಲಕ ಕೃಷಿಕರ ಕೈಗೆ ಲೇಖನಿ ಎಂಬ ಆಶಯವನ್ನು ಬೆಳೆಸಿ, ಬರೆದು ಅಭ್ಯಾಸವಿಲ್ಲದ ಕೃಷಿಕರಿಗೆ ತರಬೇತಿ ನೀಡಿ ಲೇಖಕರನ್ನಾಗಿಸಿದರು. ಕೃಷಿಕರಿಗೆ ಸಾಧ್ಯವಾದುದು ಅವರ ಮಕ್ಕಳಿಗೂ ಸಾಧ್ಯ.

ಕನ್ನಡದ ಲೇಖನಿಗೆ ಕಾನೂನಿನ ಬೆಂಬಲವೂ ಇದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ರಾಜ್ಯದ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದ ಸೆಕ್ರೆಟೇರಿಯೇಟಿಗೂ, ಇಲಾಖಾ ಮುಖ್ಯಸ್ಥರಿಗೂ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳಿಗೂ ತಮ್ಮ ಭಾಷೆಯಲ್ಲಿಯೇ ಪತ್ರ ಬರೆಯಬಹುದು. ಮುರಿದ ಕಾಲುಸಂಕದ ಬಗೆಗೆ ವರದಿ ಬರೆದ ಮಗು ಅದೇ ವಿಷಯವಾಗಿ ಕಚೇರಿಗೆ ಕನ್ನಡದಲ್ಲಿ ಪತ್ರ ಬರೆದು, ಉತ್ತರ ಯಾವ ಭಾಷೆಯಲ್ಲಿ ಬರುತ್ತದೆಂದು ಕಾದು ನೋಡಿದರೆ ಅದೂ ಒಂದು ಸುದ್ದಿಯೇ.

ಕಳುಹಿಸುವ ಮುನ್ನ

ಶಿಬಿರವನ್ನು ನಡೆಸುವವರು ಯಾರು, ಪಾಠ ಹೇಳುವವರಲ್ಲಿ ಕೆಲಸದಲ್ಲಿರುವ ಪತ್ರಕರ್ತರು ಇದ್ದಾರೆಯೇ, ಮಕ್ಕಳು ಹೊರಗೆ ಹೋಗಿ ವರದಿ ಮಾಡುವ ಅವಕಾಶವಿದೆಯೇ ಎಂದು ಹೆತ್ತವರು ಕೇಳಬೇಕು. ಮೂರು ದಿನವೂ ಭಾಷಣವೇ ಆದರೆ ಅದು ಶಿಬಿರವಲ್ಲ, ಸಭೆ. ರಾತ್ರಿ ತಂಗುವುದಾದರೆ ಹೆಣ್ಣುಮಕ್ಕಳಿಗೆ ಪ್ರತ್ಯೇಕ ವ್ಯವಸ್ಥೆ, ಜೊತೆಗಿರುವ ಅಧ್ಯಾಪಿಕೆ, ತುರ್ತು ಸಂಪರ್ಕಕ್ಕೆ ಸಂಖ್ಯೆ ಇವುಗಳನ್ನು ವಿಚಾರಿಸುವುದರಲ್ಲಿ ಸಂಕೋಚ ಬೇಡ. ಮಕ್ಕಳ ಭಾವಚಿತ್ರಗಳನ್ನು ಎಲ್ಲಿ ಪ್ರಕಟಿಸಲಾಗುತ್ತದೆ ಎಂಬುದನ್ನೂ ಕೇಳಿ ತಿಳಿಯಬೇಕು.

ಮಕ್ಕಳಿಗೂ ಒಂದು ಎಚ್ಚರಿಕೆ ಅಗತ್ಯ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯಿದೆಯೂ 2015ರ ಬಾಲನ್ಯಾಯ ಕಾಯಿದೆಯೂ ಸಂಕಷ್ಟಕ್ಕೆ ಸಿಲುಕಿದ ಮಗುವಿನ ಹೆಸರು, ಶಾಲೆ, ಚಿತ್ರ ಮೊದಲಾದ ಗುರುತುಗಳನ್ನು ಪ್ರಕಟಿಸುವುದನ್ನು ನಿಷೇಧಿಸಿವೆ. ವಾಟ್ಸಾಪಿನಲ್ಲಿ ಹಂಚುವಾಗಲೂ ಇದನ್ನು ನೆನಪಿಡಬೇಕು.

ಮರಳಿದ ಬಳಿಕ

ಮೂರು ದಿನಗಳ ಶಿಬಿರ ಯಾರನ್ನೂ ಪತ್ರಕರ್ತರನ್ನಾಗಿಸದು. ಬೀಳ್ಕೊಡುವಾಗ ಕಣ್ಣೀರಿಟ್ಟ ಗೆಳೆಯರು ಶಾಲೆ ಆರಂಭವಾಗುತ್ತಿದ್ದಂತೆ ಮೌನವಾಗುವುದೂ ಉಂಟು. ಕೆಲಸ ಮುಂದುವರಿದರೆ ಮಾತ್ರ ಗೆಳೆತನವೂ ಮುಂದುವರಿಯುತ್ತದೆ. ಅದಕ್ಕೆ ದೊಡ್ಡ ಖರ್ಚೇನೂ ಬೇಡ. ತಿಂಗಳಿಗೊಂದು ಗೋಡೆಪತ್ರಿಕೆ, ಒಂದು ಹಾಳೆ, ನಾಲ್ಕು ಸುದ್ದಿ ಸಾಕು. ಒಂದು ಸುದ್ದಿ ಶಿಬಿರದಲ್ಲಿ ದೊರೆತ ಗೆಳೆಯನ ಊರಿನದಾಗಿರಲಿ. ತಮ್ಮೂರಿನ ಒಂದು ಸುದ್ದಿಯನ್ನು ಅವನಿಗೆ ಕಳುಹಿಸಲಿ. ಕೇರಳದ ಪ್ರೌಢಶಾಲೆಗಳಲ್ಲಿ 2018ರಲ್ಲಿ ಆರಂಭವಾದ ಲಿಟ್ಲ್ ಕೈಟ್ಸ್ ಘಟಕವಿದ್ದರೆ ಕಂಪ್ಯೂಟರ್, ಕ್ಯಾಮರಾಗಳ ತರಬೇತಿಯನ್ನು ಇದಕ್ಕೆ ಬಳಸಿಕೊಳ್ಳಬಹುದು. ಆಸಕ್ತಿ ಉಳಿದವರಿಗೆ ಕೇರಳದ ಪ್ಲಸ್ ಟು ಮಾನವಿಕ ವಿಭಾಗದಲ್ಲಿ ಪತ್ರಿಕೋದ್ಯಮವನ್ನು ಒಂದು ವಿಷಯವಾಗಿ ಕಲಿಯಲು ಅವಕಾಶವಿದೆ.

ಪರಿಚಯದವರು ಯಾರೂ ಇಲ್ಲವೆಂದು ಅಳುಕಿದ ಮಗು ಮರಳಿ ಬಂದಾಗ ಏನು ಕಲಿತೆ ಎಂದು ಕೇಳುವ ಬದಲು, ಯಾರನ್ನು ಮಾತನಾಡಿಸಿದೆ, ಅವರು ಏನು ಹೇಳಿದರು, ನಿನ್ನ ಜೊತೆಗಿದ್ದವರು ಯಾರು ಎಂದು ಕೇಳಿ ನೋಡೋಣ. ಬರೆದ ವರದಿಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿಸೋಣ. ಕನ್ನಡದಲ್ಲಿ ಬರೆದರೆ ಓದುವವರು ಯಾರೆಂಬ ಪ್ರಶ್ನೆಗೆ ಮೊದಲ ಉತ್ತರವನ್ನು ನಾವೇ ಕೊಡಬಹುದು.